ನಾಳೆಯ ಪಾರ್ಟು ಯಾರಿಗೆ?

ಸಿಂದಗಿ ತಾಲ್ಲೂಕಿನ ನಮ್ಮೂರ ಜಾತ್ರೆಯಲ್ಲಿ ಈ ಸಲವೂ ಹುಡುಗರು ನಾಟಕ ಆಡಿದರು. ಒಂದು ತಿಂಗಳು ತಾಲೀಮು. ಮನೆಮನೆಗೆ ಪಟ್ಟಿ ಎತ್ತಿದ ರೊಕ್ಕ. ಪೇಟಿ ಮಾಸ್ತರರು ಹೊರಗಿನವರು, ಹೆಣ್ಣು ಪಾತ್ರದವರು ಹೊರಗಿನವರು, ಪರದೆಗಳು ಬಾಡಿಗೆಯವು. ನಾಯಕನ ಪಾರ್ಟು ಮಾಡಿದ ಹುಡುಗ ಬೆಳಗಿನ ಜಾವದ ಹೊತ್ತಿಗೆ ಕಳೆದುಹೋದ ಹೊಲ ಗೆದ್ದ, ತಂಗಿಯ ಮಾನ ಉಳಿಸಿದ, ಖಳನಾಯಕನನ್ನು ಕಾಲಿಗೆ ಬೀಳಿಸಿಕೊಂಡ. ಜನ ಸಿಳ್ಳೆ ಹಾಕಿದರು. ಅವನು ಬಣ್ಣ ತೊಳೆಯುವಾಗ, "ಮುಂದೇನೋ ತಮ್ಮಾ?" ಎಂದೆ. "ಏನೈತಣ್ಣಾ, ಸೋಮವಾರ ಗೋವಾದ ಗಾಡಿ ಹತ್ತತೀನಿ. ಸೆಂಟ್ರಿಂಗ್ ಕೆಲಸ ಐತಿ" ಎಂದ.

ಈ ಒಂದು ಮಾತಿನೊಳಗಿದ್ದ ನಾಟಕ ಇಡೀ ರಾತ್ರಿ ಆಡಿದ ನಾಟಕದಲ್ಲಿ ಇರಲಿಲ್ಲ. ನನ್ನ ತಕರಾರು ಇದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹುಡುಗರು ನಾಟಕ ಆಡುತ್ತಾರೆ. ಆದರೆ ಆ ನಾಟಕದಲ್ಲಿ ಹುಡುಗರೇ ಇಲ್ಲ. ಅವರ ಆಸೆ ಇಲ್ಲ, ಅಂಜಿಕೆ ಇಲ್ಲ, ನಾಳೆ ಇಲ್ಲ.

ಯಾಕೆ ಇಲ್ಲ? ರಂಗಕ್ಕೂ ಒಡೆಯರಿದ್ದಾರೆ. ಹೆಚ್ಚು ಪಟ್ಟಿ ಕೊಟ್ಟವನ ಮಗನಿಗೆ ದೊಡ್ಡ ಪಾರ್ಟು. ನಮ್ಮ ಕೇರಿಯ ಹುಡುಗನಿಗೆ ಆಳಿನ ಪಾರ್ಟು, ಇಲ್ಲವೇ ಹಾಸ್ಯ. ನಾಟಕ ಐತೆಂದು ಊರಿಗೆಲ್ಲ ಹಲಗೆ ಬಡಿದು ಸಾರುವವರು ನಮ್ಮವರು. ರಂಗದ ಮೇಲೆ ಬಾಗಿ ನಿಲ್ಲುವವರೂ ನಮ್ಮವರೇ. ಊರ ಹೆಣ್ಣುಮಕ್ಕಳಂತೂ ರಂಗವನ್ನೇ ಹತ್ತುವಂತಿಲ್ಲ. ಆದರೂ ಆ ರಾತ್ರಿ ಒಂದು ಸತ್ಯ ನುಸುಳಿತು. ಆಳಿನ ಪಾರ್ಟಿನ ಹುಡುಗ ಪುಸ್ತಕದಲ್ಲಿಲ್ಲದ ಮಾತು ಸೇರಿಸಿದ: "ಧಣಿ, ನಾನೂ ಬಿ.ಎ. ಪಾಸ ಆಗೀನ್ರಿ. ಕಸಬರಗಿ ಯಾವ ಕೈಯಾಗ ಹಿಡಿಬೇಕು, ಸರ್ಟಿಫಿಕೇಟ ಯಾವ ಕೈಯಾಗ ಹಿಡಿಬೇಕು?" ಜನ ಬಿದ್ದು ಬಿದ್ದು ನಕ್ಕರು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗನಾದ ನನಗೆ ನಗು ಬರಲಿಲ್ಲ.

ಇದಕ್ಕೆ ಮದ್ದು ಬೀದಿ ನಾಟಕ ಎಂದು ಗೆಳೆಯರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ, ಅರ್ಧ ಮಾತ್ರ. 1975ರಲ್ಲಿ ಹುಟ್ಟಿದ ಸಮುದಾಯ ಪರದೆ ಕಿತ್ತೊಗೆದು ನಾಟಕವನ್ನು ಬೀದಿಗೆ ತಂದಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟ ಸುದ್ದಿಯನ್ನು ನಾಟಕ ಮಾಡಿ ನಮ್ಮ ಜನರ ಮುಂದಿಟ್ಟಿತು. 1979ರಲ್ಲಿ ಜಾಥಾ ಹೊರಟು ಹಳ್ಳಿ ಹಳ್ಳಿ ಸುತ್ತಿತು. ಅದು ದೊಡ್ಡ ಕೆಲಸ. ಆದರೆ ಅದರ ನೆರಳಿನಲ್ಲಿ ಬಂದ ಎಷ್ಟೋ ಬೀದಿ ನಾಟಕಗಳು ಜನಕ್ಕೆ ಹೇಳಲು ಬಂದವು, ಕೇಳಲು ಬರಲಿಲ್ಲ. ಉತ್ತರ ಮೊದಲೇ ಬರೆದಿಟ್ಟುಕೊಂಡು ಬಂದವರಿಗೆ ಪ್ರಶ್ನೆ ಕೇಳಿಸುವುದಾದರೂ ಹೇಗೆ?

ಇನ್ನು ಪೇಟೆಯ ರಂಗಭೂಮಿ ನಮ್ಮ ಸೀಮೆಯನ್ನು ಮರೆತಿಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣ ಕನ್ನಡದ ಹಲವು ದೊಡ್ಡ ನಾಟಕಗಳಿಗೆ ವಸ್ತು. ಲಂಕೇಶರ 'ಸಂಕ್ರಾಂತಿ' 1971ರದು, ಶಿವಪ್ರಕಾಶರ 'ಮಹಾಚೈತ್ರ' 1986ರದು, ಕಾರ್ನಾಡರ 'ತಲೆದಂಡ' 1990ರದು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರೂ 'ಕೆಟ್ಟಿತ್ತು ಕಲ್ಯಾಣ' ಬರೆದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ ಈ ಕಥೆಯ ಕಿಡಿ. ಅಪ್ಪಂದಿರು ಎಳೆಹೂಟೆಗೆ ಬಿದ್ದರು. ಆದರೆ ಆ ಹುಡುಗ, ಆ ಹುಡುಗಿ? ರಾಜ ಮಾತಾಡುತ್ತಾನೆ, ಮಂತ್ರಿ ಮಾತಾಡುತ್ತಾನೆ, ಶರಣರು ವಾದಿಸುತ್ತಾರೆ. ಮದುವೆಯಾದ ಮಕ್ಕಳು ಮಾತ್ರ ಹಿರಿಯರ ವಾದಕ್ಕೆ ಒಂದು ನೆಪ. 2017ರಲ್ಲಿ ಮುದ್ದೇಬಿಹಾಳ ತಾಲ್ಲೂಕಿನಲ್ಲೇ ದಲಿತ ಯುವಕನ ಕೈಹಿಡಿದ ಗರ್ಭಿಣಿಯನ್ನು ಸುಟ್ಟು ಕೊಂದರು. ಎಂಟುನೂರು ವರ್ಷದ ಹಿಂದಿನ ಆ ಮದುವೆ ನಮಗಿನ್ನೂ ಇತಿಹಾಸವಾಗಿಲ್ಲ.

ಇವುಗಳಲ್ಲಿ 'ಸಂಕ್ರಾಂತಿ'ಯ ರುದ್ರ ನನ್ನನ್ನು ಬಿಡದೆ ಕಾಡಿದವನು. ಹೊಲೆಯರ ಹುಡುಗ, ಬ್ರಾಹ್ಮಣರ ಉಷೆಯನ್ನು ಮೆಚ್ಚಿದವನು. ಶರಣನಾದ ಮೇಲೆ ಅವನ ಮಾತು ಬದಲಾಗುತ್ತದೆ, ನಡೆ ಬದಲಾಗುತ್ತದೆ. ಕೇರಿಗೂ ದೂರ, ಹೊಸ ಮನೆಗೂ ಪೂರಾ ಹತ್ತಿರವಿಲ್ಲ. ಇದು ಹನ್ನೆರಡನೇ ಶತಮಾನದ ಕಥೆಯೇ? ಊರಿಗೆ ಹೋದಾಗ ನಾನು ಗ್ರಂಥದ ಕನ್ನಡದಲ್ಲಿ ಬಾಯಿಬಿಟ್ಟರೆ ನಮ್ಮವ್ವ, "ಯಾರ ಜೋಡಿ ಮಾತಾಡಾಕ ಹತ್ತೀಯೋ?" ಎನ್ನುತ್ತಾಳೆ. ಕಲಿತ ದಲಿತ ಹುಡುಗನ ಈ ಅಂಜಿಕೆಯನ್ನು ಲಂಕೇಶರು ಮುಟ್ಟಿದರು. ಆದರೆ ರುದ್ರನ ಪಾರ್ಟನ್ನು ರುದ್ರರೇ ಬರೆಯುವ ದಿನ ಬರಬೇಕು.

ಬರೆಯಲು ಹೋಗಿ ನಾನೇ ಸೋತ ಕಥೆಯನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಗೆಳೆಯರು ಸೇರಿ ಕಾಲೇಜು ಹುಡುಗ ಹುಡುಗಿಯರಿಂದ ಅರ್ಧ ತಾಸಿನ ನಾಟಕ ಕಟ್ಟಿದೆವು. ಒಂದೇ ಪ್ರಶ್ನೆ: "ಇನ್ನ ಹತ್ತು ವರ್ಷಕ್ಕ ನೀ ಎಲ್ಲಿರತಿ?" ಇಂಡಿ ಕಡೆಯವನು ಹೇಳಿದ: "ಲಿಂಬಿ ಗಿಡಕ್ಕ ನೀರಿದ್ದರ ಊರಾಗ, ಇಲ್ಲಂದ್ರ ಪುಣೆದಾಗ." ಬಾಗೇವಾಡಿ ಕಡೆಯವನದು: "ನಮ್ಮ ಮುತ್ತ್ಯಾನ ಊರು ಆಲಮಟ್ಟಿ ನೀರಾಗ ಐತಿ. ನಂದು ಎಲ್ಲಿ ಅಂತ ಹೇಳ್ಲಿ?" 1964ರಲ್ಲಿ ಆ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು, ಮುಳುಗಡೆಯ ಮಾತು ಮೊಮ್ಮಗನ ಬಾಯಿಗೂ ಬಂದಿದೆ. ಸಿಂದಗಿಯವನು, "ಪಿಎಸ್‌ಐ ಆಗಿರತೀನಿ, ಪರೀಕ್ಷಾ ಖರೇ ನಡೆದರ" ಎಂದ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಗಿ, ಮರುಪರೀಕ್ಷೆ 2024ರ ಜನವರಿಗೆ ಬಂತು. ಹೊಲ ಒತ್ತೆಯಿಟ್ಟು ಓದಿದವನ ವಯಸ್ಸು ಅಲ್ಲಿಯವರೆಗೆ ನಿಲ್ಲುತ್ತದೆಯೇ?

ಮುದ್ದೇಬಿಹಾಳದ ಹುಡುಗಿ ಕೊನೆಗೆ ಎದ್ದಳು. "ನನ್ನ ಯಾಕ ಕೇಳತೀರಿ? ನಮ್ಮಪ್ಪನ್ನ ಕೇಳ್ರಿ." ತಾಲೀಮಿನ ಕೋಣೆ ಸ್ತಬ್ಧವಾಯಿತು.

ಗೆಳೆಯರೇ, ನಾಟಕ ಅಲ್ಲಿ ನಿಲ್ಲಬೇಕಿತ್ತು. ನಾನು ನಿಲ್ಲಿಸಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಷ್ಟಿ ಎತ್ತಿಸಿ, ಘೋಷಣೆ ಕೂಗಿಸಿ ಮುಗಿಸಿದೆ. ಚಪ್ಪಾಳೆ ಬಂತು. ಆಮೇಲೆ ಆ ಹುಡುಗಿ ಬಂದು, "ಅಣ್ಣಾ, ಘೋಷಣಾ ಚಲೋ ಇತ್ತು. ನನ್ನ ಮಾತಿಗೆ ಏನ ಆತು?" ಎಂದಳು. ಜಾತ್ರೆಯ ನಾಟಕದ ಸುಖಾಂತಕ್ಕೂ ನನ್ನ ಮುಷ್ಟಿಗೂ ಏನು ಅಂತರ? ಎರಡೂ ಆ ಅಂಜಿಕೆಯ ಮೇಲೆ ಎಳೆದ ಪರದೆಗಳೇ.

ಘೋಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಘೋಷಣೆ ಕೂಗಿಯೇ ನಮ್ಮ ಹಿರಿಯರು ಹಾಸ್ಟೆಲು ಪಡೆದರು, ಬಾವಿಗೆ ಇಳಿದರು. ಆದರೆ ಅದಕ್ಕೆ ಮೆರವಣಿಗೆ ಇದೆ. ನಾಟಕ ಮಾಡಬೇಕಾದ್ದು ಬೇರೆ: ಹಗಲಲ್ಲಿ ಯಾರೂ ಕೇಳದ ಮಾತನ್ನು ನಾಲ್ಕು ಮಂದಿಯ ಎದುರು ನಿಲ್ಲಿಸುವುದು. ಆ ಹುಡುಗಿಯ ಅಪ್ಪ ಮುಂದಿನ ಸಾಲಿನಲ್ಲಿ ಕುಳಿತು ಆ ಮಾತು ಕೇಳಿದ್ದರೆ, ಅದು ಬಂಡಾಯವಾಗುತ್ತಿತ್ತು.

ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಇನ್ನೂ ಹರೆಯದವರಾಗಿದ್ದಾಗಲೇ, 1931ರಲ್ಲಿ, ಬೀಸುಕಲ್ಲಿನ ಮುಂದಿನ ಹಾಡುಗಳನ್ನು 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ತಾಯಂದಿರ ಬಾಯಿಗೆ ಕಿವಿಗೊಟ್ಟರು. ನಮ್ಮ ಸಾಲಿ ಮಾಸ್ತರರು, ಸಂಘಟನೆಯ ಗೆಳೆಯರು ಈಗ ಹುಡುಗ ಹುಡುಗಿಯರ ಬಾಯಿಗೆ ಕಿವಿಗೊಡಲಿ. ಅಚ್ಚಾದ ನಾಟಕ ಬದಿಗಿಡಿ. ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹಿಡಿದು ನಿಂತವನನ್ನು, ಹಾಲ್ ಟಿಕೆಟ್ ಹಿಡಿದು ನಿಂತವಳನ್ನು ಕೇಳಿ. ಅವರು ಹೇಳಿದ್ದನ್ನೇ ಆಡಿಸಿ. ಪಾರ್ಟು ಹಂಚುವಾಗ ಪಟ್ಟಿಯ ರೊಕ್ಕ ನೋಡಬೇಡಿ.

ನಮ್ಮೂರ ನಾಯಕ ಸೋಮವಾರ ಗೋವಾಕ್ಕೆ ಹೋದ. ಮುಂದಿನ ಜಾತ್ರೆಗೆ ಬರುತ್ತಾನೆ, ಪಾರ್ಟು ಕೇಳುತ್ತಾನೆ. ಆಗ ಅವನಿಗೆ ಕೊಡಲು ಅವನದೇ ಪಾರ್ಟು ನಮ್ಮ ಕೈಯಲ್ಲಿ ಇರಬೇಕು.