ಕಳ್ಳನನ್ನು ತೋರಿಸಿ ಸಂತೆಯನ್ನು ಮರೆತ ಚಿತ್ರ

ಕೈರೋದ ತಹ್ರೀರ್ ಚೌಕದಲ್ಲಿ ಸೇರಿದ ಜನರ ಕನಸು ಮತ್ತು ಹತಾಶೆಯನ್ನು 'ದ ಸ್ಕ್ವೇರ್' (2013) ಸಾಕ್ಷ್ಯಚಿತ್ರದಲ್ಲಿ ಕಾಣಿಸಿದವರು ಜೆಹಾನ್ ನುಜೈಮ್. ಅದಕ್ಕೂ ಮೊದಲು, ಇರಾಕ್ ಯುದ್ಧದ ದಿನಗಳ ಅಲ್ ಜಝೀರಾ ವಾಹಿನಿಯನ್ನು 'ಕಂಟ್ರೋಲ್ ರೂಮ್' (2004) ಚಿತ್ರದಲ್ಲಿ ಒಳಗಿನಿಂದ ತೋರಿಸಿದ್ದರು. ಅಂಥವರು ಕರೀಮ್ ಆಮೆರ್ ಜೊತೆಗೂಡಿ ಅಮೆರಿಕದ ಚುನಾವಣೆಯತ್ತ ಕ್ಯಾಮರಾ ತಿರುಗಿಸಿದಾಗ ನಮ್ಮ ನಿರೀಕ್ಷೆ ಸಹಜವಾಗಿಯೇ ದೊಡ್ಡದಿತ್ತು. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದ ಗ್ರೇಟ್ ಹ್ಯಾಕ್' ಆ ನಿರೀಕ್ಷೆಯಲ್ಲಿ ಅರ್ಧವನ್ನು ಈಡೇರಿಸುತ್ತದೆ. ಉಳಿದ ಅರ್ಧದ ಬಗ್ಗೆಯೂ ನಾವು ಮಾತನಾಡಬೇಕಾಗಿದೆ.

ಕೇಂಬ್ರಿಜ್ ಅನಾಲಿಟಿಕಾ ಎಂಬ ಕಂಪೆನಿಯ ಕತೆ ಇದು. ಅಮೆರಿಕದ ಭಾರೀ ಶ್ರೀಮಂತ ರಾಬರ್ಟ್ ಮರ್ಸರ್ ಇದಕ್ಕೆ ಹಣ ಹೂಡಿದ್ದರು. 2016ರ ಚುನಾವಣೆಯಲ್ಲಿ ಅದು ಮೊದಲು ಟೆಡ್ ಕ್ರೂಝ್ ಪರ, ಆ ಮೇಲೆ ಡೊನಾಲ್ಡ್ ಟ್ರಂಪ್ ಪರ ಕೆಲಸ ಮಾಡಿತು. ಫೇಸ್‌ಬುಕ್‌ನಲ್ಲಿ ಇಡಲಾಗಿದ್ದ ಮನೋಧರ್ಮದ ಪರೀಕ್ಷೆಯೊಂದಕ್ಕೆ ಉತ್ತರಿಸಿದವರು ಸುಮಾರು 2.7 ಲಕ್ಷ ಮಂದಿ. ಆದರೆ ಅವರ ಗೆಳೆಯರ ಪಟ್ಟಿಯ ಮೂಲಕ 8.7 ಕೋಟಿ ಜನರ ವಿವರ ಕಂಪೆನಿಯ ಕೈಸೇರಿರಬಹುದು ಎಂದು ಫೇಸ್‌ಬುಕ್ ತಾನೇ 2018ರಲ್ಲಿ ಒಪ್ಪಿಕೊಂಡಿತು.

ನ್ಯೂಯಾರ್ಕಿನ ಪ್ರಾಧ್ಯಾಪಕ ಡೇವಿಡ್ ಕ್ಯಾರೊಲ್ ಅವರ ಹೋರಾಟ ಚಿತ್ರದ ಅತ್ಯುತ್ತಮ ಭಾಗ. ಅವರು ಕೇಳುವುದು ಒಂದೇ ಒಂದು: 'ನನ್ನ ಬಗ್ಗೆ ನೀವು ಇಟ್ಟಿರುವುದನ್ನು ನನಗೆ ಕೊಡಿ.' ಅದಕ್ಕಾಗಿ ಬ್ರಿಟನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. 2019ರ ಜನವರಿಯಲ್ಲಿ ಮಾತೃಸಂಸ್ಥೆ ತಪ್ಪೊಪ್ಪಿಕೊಂಡು 15,000 ಪೌಂಡ್ ದಂಡ ತೆತ್ತಿತು. ಮಾಹಿತಿ ಮಾತ್ರ ಸಿಗಲಿಲ್ಲ. ಪ್ರಜೆಯ ಅಸಹಾಯಕತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಆದರೆ ಚಿತ್ರದ ಒಲವು ಬೇರೆ ಕಡೆಗಿದೆ. ಕಂಪೆನಿಯ ಮಾಜಿ ಅಧಿಕಾರಿ ಬ್ರಿಟನಿ ಕೈಸರ್ ಮರುಭೂಮಿಯ ಉತ್ಸವದಲ್ಲಿ, ಥಾಯ್ಲೆಂಡಿನ ಈಜುಕೊಳದಲ್ಲಿ ಕುಳಿತು ಪಶ್ಚಾತ್ತಾಪ ಪಡುವುದನ್ನು ಅದು ಬಹಳ ಹೊತ್ತು ನೋಡುತ್ತದೆ. ಮನುಷ್ಯರ ಮೈಯಿಂದ ಬೆಳಕಿನ ಕಣಗಳು ಹಾರಿಹೋಗುವ ಗ್ರಾಫಿಕ್ಸ್ ಕಣ್ಣಿಗೆ ಹಬ್ಬವೇನೋ ಹೌದು. ಮತದಾರನ ಮಾಹಿತಿ ಯಾರಿಂದ ಯಾರಿಗೆ, ಎಷ್ಟು ಬೆಲೆಗೆ ಹೋಗುತ್ತದೆಂದು ಅದರಿಂದ ತಿಳಿಯುವುದಿಲ್ಲ.

ಇನ್ನೂ ದೊಡ್ಡ ದೋಷವೆಂದರೆ, ಮಾರಾಟಗಾರನ ಬಡಾಯಿಯನ್ನು ಚಿತ್ರ ನಂಬಿಬಿಡುತ್ತದೆ. ಪ್ರತಿಯೊಬ್ಬ ಅಮೆರಿಕನ್ ಮತದಾರನ ಬಗ್ಗೆ 5,000 ಅಂಶಗಳು ತಮ್ಮಲ್ಲಿವೆ ಎಂದು ಕಂಪೆನಿ ಹೇಳಿಕೊಳ್ಳುತ್ತಿತ್ತು. ಬ್ರಿಟನ್ನಿನ ಮಾಹಿತಿ ಆಯುಕ್ತರು 2020ರಲ್ಲಿ ತನಿಖೆ ಮುಗಿಸಿದಾಗ ಇದು ಉತ್ಪ್ರೇಕ್ಷೆ ಇರಬಹುದೆಂದರು. ಕಂಪೆನಿ ಬಳಸಿದ ವಿಧಾನಗಳು ಬಹುಮಟ್ಟಿಗೆ ಎಲ್ಲರಿಗೂ ಲಭ್ಯವಿರುವಂಥವೇ ಎಂದರು. ಹಾಗಾದರೆ ನಾವು ಹೆದರಬೇಕಾದದ್ದು ಒಬ್ಬ ಮಾಂತ್ರಿಕನಿಗಲ್ಲ, ಎಲ್ಲರೂ ನಡೆಸುತ್ತಿರುವ ಸಂತೆಗೆ.

ಈ ಸಂತೆಗೆ ಪಕ್ಷಭೇದವಿಲ್ಲ. 2012ರಲ್ಲಿ ಬರಾಕ್ ಒಬಾಮಾ ಅವರ ಪ್ರಚಾರ ತಂಡ ತನ್ನ ಫೇಸ್‌ಬುಕ್ ಆ್ಯಪ್ ಮೂಲಕ ಬೆಂಬಲಿಗರ ಗೆಳೆಯರ ಪಟ್ಟಿಯನ್ನು ಪಡೆದುಕೊಂಡಿತ್ತು. ಅಲ್ಲಿ ಸುಳ್ಳು ನೆಪವಿರಲಿಲ್ಲ, ಬೆಂಬಲಿಗರ ಒಪ್ಪಿಗೆಯಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಆ ಗೆಳೆಯರನ್ನು ಯಾರೂ ಕೇಳಿರಲಿಲ್ಲ. ಅಂದು ಅದನ್ನು ಹೊಸಯುಗದ ಜಾಣ್ಮೆಯೆಂದು ಹೊಗಳಿದವರು ಅನೇಕರು. ಕೈಸರ್ ಹಿಂದೆ ಒಬಾಮಾ ಪ್ರಚಾರದಲ್ಲಿ ದುಡಿದವರೆಂದು ಚಿತ್ರ ಹೇಳುತ್ತದೆ. ಆದರೆ ಆ ಎಳೆಯನ್ನು ಹಿಡಿದು ಮುಂದೆ ಹೋಗುವುದಿಲ್ಲ.

ಹಣದ ವಿಚಾರದಲ್ಲೂ ಹೀಗೆಯೇ. 2008ರಲ್ಲಿ ಒಬಾಮಾ ಸರಕಾರಿ ಚುನಾವಣಾ ನಿಧಿಯನ್ನು ಬೇಡವೆಂದು ಸುಮಾರು 75 ಕೋಟಿ ಡಾಲರ್ ಸಂಗ್ರಹಿಸಿದರು. ಎದುರಾಳಿ ಮೆಕೇನ್ ಆ ನಿಧಿಯ 8.4 ಕೋಟಿಗೆ ಕಟ್ಟುಬಿದ್ದರು. ಅವರ ನಂತರ ಪ್ರಮುಖ ಪಕ್ಷಗಳ ಯಾವ ಅಧ್ಯಕ್ಷೀಯ ಅಭ್ಯರ್ಥಿಯೂ ಆ ನಿಧಿಯನ್ನು ಮುಟ್ಟಿಲ್ಲ. 2010ರ 'ಸಿಟಿಜನ್ಸ್ ಯುನೈಟೆಡ್' ತೀರ್ಪಿನಲ್ಲಿ ಸುಪ್ರೀಂ ಕೋರ್ಟು 5-4 ಬಹುಮತದಿಂದ ಕಂಪೆನಿಗಳ ಸ್ವತಂತ್ರ ಪ್ರಚಾರ ವೆಚ್ಚಕ್ಕಿದ್ದ ತಡೆಯನ್ನು ತೆಗೆದುಹಾಕಿತು. 2024ರಲ್ಲಿ ಎಲಾನ್ ಮಸ್ಕ್ ಒಬ್ಬರೇ ಟ್ರಂಪ್ ಮತ್ತು ಅವರ ಪಕ್ಷದವರ ಗೆಲುವಿಗಾಗಿ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಅವರ ಸಮಿತಿ ಮನೆಮನೆ ಭೇಟಿಯ ಕೆಲಸವನ್ನೂ ವಹಿಸಿಕೊಂಡಿತು. ಮನವಿಗೆ ಸಹಿ ಹಾಕಿದ ಮತದಾರರಿಗೆ ದಿನಕ್ಕೆ 10 ಲಕ್ಷ ಡಾಲರ್ ಕೊಡುಗೆಯನ್ನೂ ಘೋಷಿಸಿತು. ಇಲ್ಲಿ ಯಾವ ಹ್ಯಾಕೂ ಬೇಕಾಗಲಿಲ್ಲ.

ಮನೆಮನೆ ಭೇಟಿ ಎಂದೆವು. 1998ರಲ್ಲಿ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ವಿದ್ವಾಂಸರು ನ್ಯೂಹೇವನ್ ನಗರದಲ್ಲಿ ಒಂದು ಪ್ರಯೋಗ ಮಾಡಿದರು. ಬಾಗಿಲಿಗೆ ಬಂದು ಮುಖ ನೋಡಿ ಮಾತನಾಡಿದರೆ ಜನ ಮತಗಟ್ಟೆಗೆ ಹೋಗುವುದು ಸ್ಪಷ್ಟವಾಗಿ ಹೆಚ್ಚಿತು. ಬಾಡಿಗೆಯ ಫೋನ್ ಕರೆಯಿಂದ ಹೆಚ್ಚಲಿಲ್ಲ. ಇಷ್ಟು ಸರಳವಾದ ಮಾನವ ಸಂಪರ್ಕವನ್ನೂ ಕೊಂಡುಕೊಳ್ಳಬಹುದಾದ ಸರಕಾಗಿಸಿದ್ದು ಹಣವೇ ಹೊರತು ಕಂಪ್ಯೂಟರ್ ಅಲ್ಲ.

ಚಿತ್ರದಲ್ಲಿ ನಮ್ಮನ್ನು ನಿಜವಾಗಿಯೂ ಬೆಚ್ಚಿಬೀಳಿಸುವ ದೃಶ್ಯ ಟ್ರಿನಿಡಾಡಿನದು. ಅಲ್ಲಿನ ಕರಿಯ ಯುವಕರು ಮತ ಹಾಕದಂತೆ ಮಾಡಿದೆವು ಎಂದು ಕಂಪೆನಿ ಗ್ರಾಹಕರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಚಿತ್ರ ಬಂದ ಮರುವರ್ಷ ಬ್ರಿಟನ್ನಿನ ಚಾನೆಲ್ 4, ಟ್ರಂಪ್ ಅವರ 2016ರ ಪ್ರಚಾರದ ಮಾಹಿತಿ ಸಂಗ್ರಹದಲ್ಲಿ 35 ಲಕ್ಷ ಕರಿಯ ಅಮೆರಿಕನ್ನರನ್ನು 'ತಡೆಯಬೇಕಾದವರು' ಎಂಬ ಪಟ್ಟಿಯಲ್ಲಿ ಇರಿಸಲಾಗಿತ್ತೆಂದು ವರದಿ ಮಾಡಿತು. ಅಂಥ ಜಾಹೀರಾತಿನಿಂದ ಎಷ್ಟು ಜನ ಮನೆಯಲ್ಲೇ ಉಳಿದರೋ ಅಳೆಯುವುದು ಸುಲಭವಲ್ಲ. ಆದರೆ ಮತ ಕೇಳುವ ಬದಲು ಮತ ಹಾಕಬೇಡಿ ಎನ್ನುವುದೂ ಪ್ರಚಾರವಾದರೆ, ಅದರ ಹೊಡೆತ ಮೊದಲು ಬೀಳುವುದು ದುರ್ಬಲರ ಮೇಲೆ.

ಕೇಂಬ್ರಿಜ್ ಅನಾಲಿಟಿಕಾ 2018ರಲ್ಲೇ ಬಾಗಿಲು ಮುಚ್ಚಿತು. ಫೇಸ್‌ಬುಕ್ 2019ರಲ್ಲಿ 500 ಕೋಟಿ ಡಾಲರ್ ದಂಡ ತೆರಲು ಒಪ್ಪಿ ತನ್ನ ವ್ಯಾಪಾರ ಮುಂದುವರಿಸಿತು. 'ದ ಗ್ರೇಟ್ ಹ್ಯಾಕ್' ಚಿತ್ರವನ್ನು ಖಂಡಿತ ನೋಡಬೇಕು, ಕ್ಯಾರೊಲ್ ಅವರಿಗಾಗಿಯಾದರೂ. ಆದರೆ ಕಳ್ಳ ಸಿಕ್ಕಿಬಿದ್ದನೆಂಬ ಸಮಾಧಾನದಲ್ಲಿ ಎದ್ದು ಹೋಗಬಾರದು. ಸಂತೆ ಇನ್ನೂ ನಡೆಯುತ್ತಲೇ ಇದೆ.