ಬಿಟ್‌ಗಳ ಲೆಕ್ಕಕ್ಕೆ ಸಿಗದ ಭದ್ರತೆ

ಬ್ಯಾಂಕಿನ ಆ್ಯಪ್ ಆಗಲಿ, ಕಡತ ಇಡುವ ಕ್ಲೌಡ್ ಸೇವೆಯಾಗಲಿ, ಪಾಸ್‌ವರ್ಡ್ ಜೋಪಾನ ಮಾಡುವ ತಂತ್ರಾಂಶವಾಗಲಿ, ತನ್ನ ಭದ್ರತೆಯ ಮಾತು ಬಂದಾಗ ಮುಂದಿಡುವುದು ಒಂದೇ ಸಂಖ್ಯೆ: 256 ಬಿಟ್. ಪಕ್ಕದಲ್ಲಿ ‘ಮಿಲಿಟರಿ ದರ್ಜೆ’ ಎಂಬ ವಿಶೇಷಣ. ತಂತ್ರಜ್ಞಾನದ ಬಗ್ಗೆ ಬರೆಯುವವರೂ ಇದನ್ನು ಒಪ್ಪಿಕೊಂಡೇ ಬಂದಿದ್ದಾರೆ. ಕೀಲಿ ಉದ್ದವಾದಷ್ಟೂ ಗುಟ್ಟು ಗಟ್ಟಿ ಎಂಬ ಈ ನಂಬಿಕೆ ಅರ್ಧ ಸತ್ಯ, ಮತ್ತು ಆ ಅರ್ಧ ಸತ್ಯವೇ ನಮ್ಮನ್ನು ತಪ್ಪು ಕಡೆ ಕಾವಲು ನಿಲ್ಲಿಸಿದೆ ಎಂಬುದು ನನ್ನ ವಾದ.

ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ಬಚ್ಚಿಡಲೂ ಬಿಚ್ಚಲೂ ಒಂದೇ ಕೀಲಿ ಬಳಸುವ ಸಿಮ್ಮೆಟ್ರಿಕ್ ಎನ್‌ಕ್ರಿಪ್ಷನ್‌ಗೆ ಅಮೆರಿಕ 1977ರಲ್ಲಿ ಡಿಇಎಸ್ ಎಂಬ ಮಾನದಂಡ ತಂದಿತು. ಅದರ ಕೀಲಿ 56 ಬಿಟ್. ಇದು ಸಾಲದು ಎಂದು ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್ಮನ್ ಆಗಲೇ ಎಚ್ಚರಿಸಿದ್ದರು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎರಡೂವರೆ ಲಕ್ಷ ಡಾಲರ್‌ಗೂ ಕಡಿಮೆ ಖರ್ಚಿನಲ್ಲಿ ಒಂದು ಯಂತ್ರ ಕಟ್ಟಿ, ಒಂದೊಂದೇ ಕೀಲಿ ಹಾಕಿ ನೋಡುತ್ತ, 56 ಗಂಟೆಗಳಲ್ಲಿ ಡಿಇಎಸ್ ಸಂದೇಶವನ್ನು ಬಿಚ್ಚಿತು. ಅಂದಿನಿಂದ ಬಿಟ್‌ಗಳ ಸಂಖ್ಯೆಯೇ ಭದ್ರತೆಯ ಅಳತೆಗೋಲಾಯಿತು. ಅದೇ ಕಥೆಯ ಇನ್ನೊಂದು ಭಾಗವನ್ನು ಮಾತ್ರ ಮರೆತೆವು. 1990ರ ಹೊತ್ತಿಗೆ ಗೂಢಲಿಪಿ ಸಂಶೋಧಕರಾದ ಬಿಹಾಮ್ ಮತ್ತು ಶಮೀರ್ ಹೊಸದೊಂದು ದಾಳಿಯ ವಿಧಾನ ಪ್ರಕಟಿಸಿದಾಗ ಡಿಇಎಸ್ ಅದಕ್ಕೆ ಬಲವಾಗಿ ಎದುರು ನಿಂತಿತು. ಡಿಇಎಸ್ ರೂಪಿಸಿದ ಐಬಿಎಂನ ಡಾನ್ ಕಾಪರ್‌ಸ್ಮಿತ್ 1994ರಲ್ಲಿ ಬರೆದಂತೆ, ಆ ವಿಧಾನ ವಿನ್ಯಾಸಕಾರರಿಗೆ 1974ರಲ್ಲೇ ಗೊತ್ತಿತ್ತು. ಒಳಗಿನ ರಚನೆ ಅಷ್ಟು ಗಟ್ಟಿಯಾಗಿದ್ದುದರಿಂದಲೇ ಡಿಇಎಸ್‌ನ ವಿಷಯದಲ್ಲಿ ಕೀಲಿಯ ಉದ್ದವೊಂದೇ ದೊಡ್ಡ ಕೊರತೆಯಾಗಿ ಉಳಿದಿತ್ತು. ಅಪರೂಪದ ಪ್ರಕರಣವನ್ನು ನಾವು ನಿಯಮವೆಂದು ಭಾವಿಸಿದೆವು.

ನಿಯಮ ಬೇರೆಯೇ ಇದೆ. ಇಂಗ್ಲಿಷಿನ 26 ಅಕ್ಷರಗಳನ್ನು ಅದಲುಬದಲು ಮಾಡಿ ಬರೆಯುವ ಹಳೆಯ ಗೂಢಲಿಪಿಗೆ ಎಷ್ಟು ಕೀಲಿಗಳು ಸಾಧ್ಯ? ಸುಮಾರು 88 ಬಿಟ್‌ನಷ್ಟು, ಅಂದರೆ ಡಿಇಎಸ್‌ಗಿಂತ ಐನೂರು ಕೋಟಿ ಪಟ್ಟಿಗೂ ಹೆಚ್ಚು. ಆದರೂ ಇಂಥ ಲಿಪಿಯನ್ನು ಕಾಗದ, ಪೆನ್ಸಿಲ್ಲಿನಿಂದ ಬಿಚ್ಚಬಹುದು. ಯಾವ ಚಿಹ್ನೆ ಎಷ್ಟು ಸಲ ಬರುತ್ತದೆಂದು ಎಣಿಸಿದರಾಯಿತು ಎಂದು 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ತೋರಿಸಿದ್ದ. ಕನ್ನಡದಲ್ಲಾದರೆ ‘ಅನ್ನು’, ‘ಅಲ್ಲಿ’, ‘ಮತ್ತು’ ಮತ್ತೆ ಮತ್ತೆ ಮುಖ ತೋರಿಸಿ ಗುಟ್ಟು ಬಿಟ್ಟುಕೊಡುತ್ತವೆ. ಜರ್ಮನರ ಎನಿಗ್ಮಾ ಯಂತ್ರದ ಸೇನಾ ಮಾದರಿಗೂ 67 ಬಿಟ್‌ನಷ್ಟು ಕೀಲಿಗಳಿದ್ದವು. ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬಾರದು ಎಂಬ ಅದರ ಒಂದು ಗುಣವೇ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಅದನ್ನು ಭೇದಿಸುವವರಿಗೆ ದೊಡ್ಡ ನೆರವಾಯಿತು. ಕೀಲಿಗಳ ಸಂಖ್ಯೆ ಹೇಳುವುದು ಇಷ್ಟೇ: ಒಂದೊಂದೇ ಕೀಲಿ ಹಾಕಿ ನೋಡುವವನಿಗೆ ಎಷ್ಟು ಕಷ್ಟವಾಗುತ್ತದೆ ಎಂದು. ಬುದ್ಧಿವಂತ ಎದುರಾಳಿ ಆ ದಾರಿ ಹಿಡಿಯುವುದೇ ಇಲ್ಲ.

ಈಗ ಡಿಇಎಸ್‌ನ ಜಾಗಕ್ಕೆ ಬಂದ ಎಇಎಸ್‌ಗೆ ಬರೋಣ. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ್ದು. ಹದಿನೈದು ಅಭ್ಯರ್ಥಿಗಳ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2001ರಲ್ಲಿ ಮಾನದಂಡವಾಯಿತು. ಹದಿನಾರು ಬೈಟ್‌ಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕದಲ್ಲಿ ಇಡುತ್ತದೆ. ಪ್ರತಿ ಬೈಟನ್ನೂ ಒಂದು ಕೋಷ್ಟಕ ನೋಡಿ ಬದಲಿಸುತ್ತದೆ, ಸಾಲುಗಳನ್ನು ಸರಿಸುತ್ತದೆ, ಕಂಬಗಳನ್ನು ಕಲಸುತ್ತದೆ, ಕೀಲಿಯ ಒಂದು ಭಾಗವನ್ನು ಬೆರೆಸುತ್ತದೆ. ಎರಡೇ ಸುತ್ತಿನಲ್ಲಿ ಪ್ರತಿ ಬೈಟೂ ಉಳಿದೆಲ್ಲ ಬೈಟುಗಳ ಪ್ರಭಾವಕ್ಕೆ ಒಳಗಾಗಿರುತ್ತದೆ. 128 ಬಿಟ್ ಕೀಲಿಗೆ ಇಂಥ ಹತ್ತು ಸುತ್ತು, 256ಕ್ಕೆ ಹದಿನಾಲ್ಕು. ಸೊಗಸಾದ ಕೆಲಸ, ಇಪ್ಪತ್ತು ವರ್ಷಗಳಿಗೂ ಮೀರಿದ ಪರೀಕ್ಷೆಯಲ್ಲಿ ಅದು ಸೋತಿಲ್ಲ. ಆದರೆ ಎಇಎಸ್‌ಗೆ ಗೊತ್ತಿರುವುದು ಆ ಹದಿನಾರು ಬೈಟ್ ಮಾತ್ರ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ‘ಬೆಂಗಳೂರು’ ಎಂಬ ಒಂದು ಪದಕ್ಕೇ 24 ಬೈಟ್ ಬೇಕು. ಹಾಗಾಗಿ ಒಂದು ಪದವನ್ನು ಬಚ್ಚಿಡುವಾಗಲೂ, ತುಂಡುಗಳನ್ನು ಒಂದಕ್ಕೊಂದು ಹೇಗೆ ಜೋಡಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆ ಜೋಡಣೆಯ ಕ್ರಮಕ್ಕೆ ಮೋಡ್ ಎನ್ನುತ್ತಾರೆ. ಜಾಹೀರಾತಿನಲ್ಲಿ ಕಾಣದ ಈ ಪದದಲ್ಲೇ ಅರ್ಧ ಭದ್ರತೆ ಅಡಗಿದೆ.

ಅತಿ ಸರಳ ಮೋಡ್ ಇಸಿಬಿ: ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಬಚ್ಚಿಡುವುದು. ತುಂಡು ಒಂದೇ ಆಗಿದ್ದರೆ ಗೂಢರೂಪವೂ ಒಂದೇ. 2013ರಲ್ಲಿ ಅಡೋಬಿಯಿಂದ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳು ಸೋರಿದಾಗ ಅವು ಟ್ರಿಪಲ್ ಡಿಇಎಸ್‌ನಲ್ಲಿ, ಇಸಿಬಿ ಮೋಡ್‌ನಲ್ಲಿ ಇದ್ದವು. ಕೀಲಿ ಯಾರಿಗೂ ಬೇಕಾಗಲಿಲ್ಲ. ಒಂದೇ ಗೂಢರೂಪ ಎಷ್ಟು ಖಾತೆಗಳಲ್ಲಿದೆ ಎಂದು ಎಣಿಸಿ, ಪಕ್ಕದಲ್ಲೇ ಬಳಕೆದಾರರು ಬರೆದಿಟ್ಟ ಸುಳಿವು ಓದಿ, ಸುಮಾರು 19 ಲಕ್ಷ ಖಾತೆಗಳ ಪಾಸ್‌ವರ್ಡ್ ‘123456’ ಎಂದು ಸಂಶೋಧಕರು ಹೇಳಿಬಿಟ್ಟರು. ಅಲ್-ಕಿಂದಿಯ ಉಪಾಯವೇ ಸಾವಿರ ವರ್ಷದ ಮೇಲೂ ಫಲ ಕೊಟ್ಟಿತು. 2020ರ ಏಪ್ರಿಲ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಝೂಮ್ ಸಭೆಗಳನ್ನು ಪರಿಶೀಲಿಸಿ, ದಾಖಲೆಯಲ್ಲಿ ಹೇಳಿದ್ದ 256 ಬಿಟ್ ಬದಲು 128 ಬಿಟ್ ಎಇಎಸ್ ಅನ್ನು ಇಸಿಬಿ ಮೋಡ್‌ನಲ್ಲಿ ಬಳಸಿದ್ದಾರೆಂದು ಪ್ರಕಟಿಸಿತು. ಕೀಲಿಯ ಉದ್ದ, ಮೋಡ್ ಈ ಎರಡರಲ್ಲಿ ಗಂಭೀರವಾದದ್ದು ಮೋಡ್‌ನ ದೋಷ. ಇಸಿಬಿಯಲ್ಲೇ ಇದ್ದು 256 ಬಿಟ್ ಬಳಸಿದ್ದರೂ ದೋಷ ಹಾಗೇ ಉಳಿಯುತ್ತಿತ್ತು.

ಉತ್ತಮ ಮೋಡ್‌ಗಳಿಗೂ ಶರತ್ತುಗಳಿವೆ. ಕೌಂಟರ್ ಮೋಡ್‌ನಲ್ಲಿ ಎಇಎಸ್ ಒಂದು ಯಾದೃಚ್ಛಿಕವಾಗಿ ಕಾಣುವ ಬಿಟ್‌ಗಳ ಧಾರೆ ಹೊರಡಿಸುತ್ತದೆ. ಸಂದೇಶವನ್ನು ಅದರೊಂದಿಗೆ ಬೆರೆಸಲಾಗುತ್ತದೆ. ಪ್ರತಿ ಸಂದೇಶಕ್ಕೂ ಹೊಸ ನಾನ್ಸ್, ಅಂದರೆ ಮರುಬಳಸದ ಸಂಖ್ಯೆ, ಬೇಕೇ ಬೇಕು. ಅದನ್ನೇ ಎರಡು ಸಲ ಬಳಸಿದರೆ ಎರಡೂ ಸಂದೇಶಗಳು ಒಂದರ ಮೂಲಕ ಇನ್ನೊಂದು ಬಿಚ್ಚಿಕೊಳ್ಳುತ್ತವೆ. ಇನ್ನೊಂದು ಅಪಾಯ ಇನ್ನೂ ಆತಂಕದ್ದು. ಕಂಪ್ಯೂಟರ್ ‘1’ ಮತ್ತು ‘9’ ಎಂಬ ಅಂಕಿಗಳನ್ನು ಇಟ್ಟುಕೊಳ್ಳುವ ರೂಪದಲ್ಲಿ ವ್ಯತ್ಯಾಸ ಒಂದೇ ಬಿಟ್. ಕೌಂಟರ್ ಮೋಡ್‌ನಲ್ಲಿ ಬಚ್ಚಿಟ್ಟ ₹1000ದ ಆದೇಶದಲ್ಲಿ ಮೊತ್ತ ಎಲ್ಲಿದೆಯೆಂದು ತಿಳಿದವನು, ಕೀಲಿ ಗೊತ್ತಿಲ್ಲದೆಯೇ, ಒಂದು ಬಿಟ್ ತಿರುವಿ ಅದನ್ನು ₹9000 ಮಾಡಬಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಹಣ ಮಾತ್ರ ಹೋಯಿತು. ಇದನ್ನು ತಡೆಯಲೆಂದೇ ಜಿಸಿಎಂನಂಥ ಮೋಡ್‌ಗಳು ಸಂದೇಶದ ಜೊತೆ ಅದು ತಿದ್ದುಪಡಿಯಾಗಿಲ್ಲ ಎಂದು ತೋರಿಸುವ ಮುದ್ರೆಯನ್ನೂ ಕಳಿಸುತ್ತವೆ. ಕೀಲಿಯ ಉದ್ದ ಈ ಕೆಲಸ ಮಾಡಲಾರದು.

ಇಷ್ಟೆಲ್ಲ ಸರಿಯಿದ್ದರೂ ಕೀಲಿ ಎಲ್ಲಿ ಹುಟ್ಟಿತು ಎಂದು ಕೇಳಲೇಬೇಕು. 1995ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ನೆಟ್‌ಸ್ಕೇಪ್ ಬ್ರೌಸರ್‌ನ 128 ಬಿಟ್ ಕೀಲಿ ಗಡಿಯಾರದ ಸಮಯ ಮತ್ತು ಎರಡು ಪ್ರೋಸೆಸ್ ಸಂಖ್ಯೆಗಳಿಂದ ಹುಟ್ಟುತ್ತದೆಂದು ಕಂಡುಹಿಡಿದರು. ಊಹಿಸಬಹುದಾದ್ದರಿಂದ ಹುಟ್ಟಿದ್ದನ್ನೂ ಊಹಿಸಬಹುದು. ನಮ್ಮ ನಿತ್ಯದ ಉದಾಹರಣೆ ಇನ್ನೂ ಹತ್ತಿರದ್ದು. ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಹೆಸರು ತಿಳಿದವರಿಗೆ ಉಳಿಯುವುದು ಸುಮಾರು ನೂರು ವರ್ಷಗಳ ಊಹೆ, ಅಂದರೆ ಏಳು ಬಿಟ್ ಕೂಡ ಇಲ್ಲ. ಒಳಗೆ ಎಷ್ಟು ಬಿಟ್‌ನ ಎಇಎಸ್ ಇದ್ದರೂ ಆ ಕಡತದ ಭದ್ರತೆ ಅಷ್ಟೇ. ಇದೇ ಕಡತವನ್ನು ಝೆರಾಕ್ಸ್ ಅಂಗಡಿಗೂ ಹೋಟೆಲ್ ಕೌಂಟರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ ಎಂಬುದನ್ನು ನೆನೆದರೆ ಮನಸ್ಸು ಕಸಿವಿಸಿಯಾಗುತ್ತದೆ.

2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಧಾರ್ ಪ್ರಾಧಿಕಾರದ ಅಂದಿನ ಮುಖ್ಯಸ್ಥರು 2048 ಬಿಟ್ ಕೀಲಿಯ ಬಲವನ್ನು ವಿಶ್ವದ ವಯಸ್ಸಿನ ಲೆಕ್ಕದಲ್ಲಿ ವಿವರಿಸಿದರು. ಆ 2048 ಆರ್‌ಎಸ್‌ಎ ಎಂಬ ಬೇರೆ ಜಾತಿಯ ಪದ್ಧತಿಯದು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಅದನ್ನು ಸಿಮ್ಮೆಟ್ರಿಕ್ ಪದ್ಧತಿಯ 112 ಬಿಟ್‌ಗೆ ಸಮ ಎಂದು ಅಳೆಯುತ್ತದೆ. ಅದೇ ವರ್ಷ ಜನವರಿಯಲ್ಲಿ ‘ದಿ ಟ್ರಿಬ್ಯೂನ್’ ಪತ್ರಿಕೆ, 500 ರೂಪಾಯಿಗೆ ಸಿಕ್ಕ ಲಾಗಿನ್‌ನಿಂದ ಜನರ ಹೆಸರು, ವಿಳಾಸ ಕಾಣುತ್ತಿದ್ದವೆಂದು ವರದಿ ಮಾಡಿತ್ತು. ಬಯೊಮೆಟ್ರಿಕ್ ಮಾಹಿತಿ ಸುರಕ್ಷಿತವಾಗಿದೆ ಎಂದು ಪ್ರಾಧಿಕಾರ ಉತ್ತರಿಸಿತು. ಅದು ನಿಜವೇ ಇರಲಿ. ಲಾಗಿನ್ ಕೊಂಡವನಿಗೆ ಯಾವ ಕೀಲಿಯನ್ನೂ ಮುರಿಯುವ ಅಗತ್ಯ ಬೀಳುವುದಿಲ್ಲ ಎಂಬುದೂ ಅಷ್ಟೇ ನಿಜ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಕ್ವಾಂಟಂ ಕಂಪ್ಯೂಟರಿನದು. ಗ್ರೋವರ್ ಎಂಬ ಕ್ವಾಂಟಂ ಹುಡುಕಾಟದ ವಿಧಾನದಿಂದ ಕೀಲಿಯ ಬಲ ಅರ್ಧಕ್ಕೆ ಇಳಿಯುತ್ತದೆ, 256 ಬಿಟ್ 128 ಆಗುತ್ತದೆ, ಆದ್ದರಿಂದ ದೊಡ್ಡ ಕೀಲಿ ಬೇಕು ಎನ್ನುತ್ತಾರೆ. ಒಪ್ಪುತ್ತೇನೆ, 256 ಬಳಸಿ, ಖರ್ಚು ಹೆಚ್ಚಿಲ್ಲ. ಆದರೆ ಇಂದಿನ ಅಳತೆಯನ್ನೂ ನೋಡಿ. ನೂರು ಕೋಟಿ ಯಂತ್ರಗಳು ತಲಾ ಸೆಕೆಂಡಿಗೆ ನೂರು ಕೋಟಿ ಕೀಲಿ ಪರೀಕ್ಷಿಸಿದರೂ 128 ಬಿಟ್‌ನ ಎಲ್ಲ ಕೀಲಿಗಳು ಮುಗಿಯಲು ಸುಮಾರು ಹತ್ತು ಲಕ್ಷ ಕೋಟಿ ವರ್ಷ ಬೇಕು. ಅಲ್ಲಿಂದಾಚೆ ಸಂಖ್ಯೆ ಹಿಗ್ಗಿಸುವುದರಿಂದ ಮೇಲೆ ಹೇಳಿದ ಒಂದು ದೋಷವೂ ಮುಚ್ಚುವುದಿಲ್ಲ.

ಆದ್ದರಿಂದ ಸರ್ಕಾರಿ ಟೆಂಡರ್ ಬರೆಯುವವರಲ್ಲಿ, ಸಹಕಾರಿ ಬ್ಯಾಂಕಿನ ತಂತ್ರಾಂಶ ಕೊಳ್ಳುವವರಲ್ಲಿ, ಈ ಕ್ಷೇತ್ರದ ಸುದ್ದಿ ಮಾಡುವ ಪತ್ರಕರ್ತರಲ್ಲಿ ಒಂದು ಕೋರಿಕೆ: ‘ಎಇಎಸ್ 256’ ಎಂಬ ಸಾಲಿಗೆ ನಿಲ್ಲಬೇಡಿ. ಯಾವ ಮೋಡ್, ನಾನ್ಸ್ ಮರುಬಳಕೆ ಹೇಗೆ ತಪ್ಪುತ್ತದೆ, ಕೀಲಿ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿರುತ್ತದೆ, ಅದನ್ನು ಬದಲಿಸುವುದು ಯಾವಾಗ ಎಂದು ಲಿಖಿತವಾಗಿ ಕೇಳಿ, ಉತ್ತರ ಬರುವವರೆಗೆ ಸಹಿ ಹಾಕಬೇಡಿ.