ಡಿ.ಡಿ. ಕೋಸಂಬಿ: ಬರಹದ ಹರಹು, ಉಲ್ಲೇಖದ ಲೆಕ್ಕ

ದಾಮೋದರ ಧರ್ಮಾನಂದ ಕೋಸಂಬಿ (1907–1966) ಬರೆದದ್ದು ಗಣಿತ, ಸಂಖ್ಯಾಶಾಸ್ತ್ರ, ತಳಿವಿಜ್ಞಾನ, ನಾಣ್ಯಶಾಸ್ತ್ರ, ಸಂಸ್ಕೃತ ಗ್ರಂಥಸಂಪಾದನೆ ಮತ್ತು ಪ್ರಾಚೀನ ಭಾರತದ ಇತಿಹಾಸ ಎಂಬ ಆರು ಕ್ಷೇತ್ರಗಳಲ್ಲಿ. ಯಾವುದೂ ಬಿಡುವಿನ ಹವ್ಯಾಸವಾಗಿರಲಿಲ್ಲ. ಆಯಾ ಶಾಸ್ತ್ರದವರು ಒಪ್ಪಲಿ ಬಿಡಲಿ, ಎದುರಿಸಲೇಬೇಕಾದ ಬರಹಗಳವು. ಆದರೆ ಮುಂದಿನವರು ಅವನ್ನು ಎಷ್ಟು ಸಲ ಉಲ್ಲೇಖಿಸಿದರು ಎಂದು ಎಣಿಸಿದಾಗ ಸಿಗುವ ಕ್ರಮಕ್ಕೂ ಆ ಬರಹಗಳ ತೂಕಕ್ಕೂ ತಾಳೆಯಾಗುವುದಿಲ್ಲ.

ವಿಜ್ಞಾನ ಪತ್ರಿಕೆಗಳಲ್ಲಿ ಅವರ ಹೆಸರನ್ನು ಹೆಚ್ಚಾಗಿ ಉಳಿಸಿರುವುದು ‘ಆ್ಯನಲ್ಸ್ ಆಫ್ ಯೂಜೆನಿಕ್ಸ್’ನ 12ನೇ ಸಂಪುಟದಲ್ಲಿ ಬಂದ ನಾಲ್ಕೇ ಪುಟದ ಲೇಖನ. ವರ್ಣತಂತುವಿನ ಮೇಲೆ ಎರಡು ಜೀನ್‌ಗಳ ನಡುವೆ ಇರುವ ದೂರವನ್ನು ಮರುಸಂಯೋಜನೆಯ ಪ್ರಮಾಣದಿಂದ ಅಂದಾಜು ಮಾಡುವ ಸೂತ್ರ ಅದರಲ್ಲಿದೆ. 1919ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಕೊಟ್ಟಿದ್ದ ಸೂತ್ರವು, ವರ್ಣತಂತುವಿನ ಒಂದೆಡೆ ನಡೆಯುವ ವಿನಿಮಯ ಪಕ್ಕದ ವಿನಿಮಯವನ್ನು ತಡೆಯುವುದಿಲ್ಲ ಎಂದು ಭಾವಿಸಿತ್ತು. ಕೋಸಂಬಿ ಆ ತಡೆಯನ್ನೂ ಲೆಕ್ಕಕ್ಕೆ ತಂದರು. ಭತ್ತ, ಗೋಧಿ, ಜೋಳದ ತಳಿನಕ್ಷೆ ಬಿಡಿಸುವವರು ಇಂದಿಗೂ ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಲೇಖನದ ವಿಧಾನ ಭಾಗದಲ್ಲಿ ಒಂದು ಸಾಲು ಸೇರಿಸುತ್ತಾರೆ. ಇಂಥ ಉಲ್ಲೇಖ ಓದಿದ್ದಕ್ಕೆ ಸಾಕ್ಷಿಯಲ್ಲ, ಬಳಸಿದ್ದಕ್ಕೆ ರಸೀದಿ. ಆ ರಸೀದಿಯಲ್ಲೂ ಒಮ್ಮತವಿಲ್ಲ: ಒಬ್ಬರು 1943 ಎಂದು ಬರೆದರೆ ಇನ್ನೊಬ್ಬರು 1944 ಎನ್ನುತ್ತಾರೆ, ಎಣಿಕೆ ಎರಡು ಕಡೆ ಹಂಚಿಹೋಗುತ್ತದೆ.

ಗಣಿತದ ದೃಷ್ಟಿಯಿಂದ ಇದಕ್ಕಿಂತ ಆಳವಾದದ್ದು 1943ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಬಂದ ‘ಸ್ಟಾಟಿಸ್ಟಿಕ್ಸ್ ಇನ್ ಫಂಕ್ಷನ್ ಸ್ಪೇಸ್’. ಗೊತ್ತುಗುರಿಯಿಲ್ಲದಂತೆ ಏರಿಳಿಯುವ ಪ್ರಕ್ರಿಯೆಯನ್ನು ಪರಸ್ಪರ ಲಂಬವಾದ ಘಟಕಗಳಾಗಿ ಒಡೆಯುವ ವಿಧಾನವನ್ನು ಅದು ನಿರೂಪಿಸಿತು. ಕೆಲವೇ ವರ್ಷಗಳಲ್ಲಿ ಫಿನ್‌ಲೆಂಡಿನ ಕಾರುನೆನ್ ಮತ್ತು ಫ್ರಾನ್ಸಿನ ಲೊಯೆವ್ ತಂತಮ್ಮ ದಾರಿಯಲ್ಲಿ ಅದೇ ಫಲಿತಾಂಶಕ್ಕೆ ಬಂದರು. ದ್ರವಗಳ ಪ್ರಕ್ಷುಬ್ಧ ಹರಿವಿನ ಅಧ್ಯಯನದಿಂದ ಚಿತ್ರಸಂಸ್ಕರಣದವರೆಗೆ ಬಳಕೆಯಾಗುವ ಈ ವಿಧಾನ ಬಹುಪಾಲು ಪಠ್ಯಗಳಲ್ಲಿ ಅವರಿಬ್ಬರ ಹೆಸರಿನಲ್ಲೇ ಇದೆ. ಕೋಸಂಬಿಯ ಹೆಸರನ್ನು ಮುಂದೆ ಸೇರಿಸುವವರು ಕೆಲವರು ಮಾತ್ರ.

ಭಾರತೀಯ ಪತ್ರಿಕೆಯಲ್ಲಿ ಬಂದದ್ದೇ ಇದಕ್ಕೆ ಕಾರಣ ಎನ್ನುವ ಸಮಾಧಾನ ಪೂರ್ತಿ ಒಪ್ಪುವಂಥದ್ದಲ್ಲ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1945ರಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದೂ ಕಲ್ಕತ್ತಾ ಗಣಿತ ಸಂಘದ ಬುಲೆಟಿನ್‌ನಲ್ಲೇ. ಆದರೂ ಅಂದಾಜಿನ ನಿಖರತೆಗೆ ಗಡಿ ಹಾಕುವ ಕ್ರಾಮರ್–ರಾವ್ ಮಿತಿಯಿಂದ ಅವರ ಹೆಸರು ಅಳಿಸಲಿಲ್ಲ. ರಾವ್ ಸಂಖ್ಯಾಶಾಸ್ತ್ರದಲ್ಲೇ ನಿಂತರು, ಶಿಷ್ಯರನ್ನು ಬೆಳೆಸಿದರು, ತಮ್ಮ ಫಲಿತಾಂಶಗಳನ್ನು ಮುಂದುವರಿಸಿದರು. ಕೋಸಂಬಿ ಬೀಜ ಬಿತ್ತಿ ಇನ್ನೊಂದು ಹೊಲಕ್ಕೆ ಹೋದರು. 1933ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ಬಂದ ಅವರ ಜ್ಯಾಮಿತಿಯ ಲೇಖನ ಮಾತ್ರ ಇಂದು ಕೋಸಂಬಿ–ಕಾರ್ಟಾನ್–ಚೆರ್ನ್ ಸಿದ್ಧಾಂತ ಎಂದೇ ಹೆಸರಾಗಿದೆ. ಕಾರ್ಟಾನ್ ಮತ್ತು ಚೆರ್ನ್ ಅದನ್ನು ಕೈಗೆತ್ತಿಕೊಂಡದ್ದು ಅದರ ಅದೃಷ್ಟ.

ಉಲ್ಲೇಖಗಳ ಬಗ್ಗೆ ಕೋಸಂಬಿಗೆ ಭಕ್ತಿಯೇನೂ ಇರಲಿಲ್ಲ. ಗಣಿತಜ್ಞ ಆಂದ್ರೆ ವೇಯ್ ಅವರ ಸಲಹೆಯಂತೆ 1931ರಲ್ಲಿ, ಬೂರ್ಬಾಕಿ ಎಂಬ ಕಾಲ್ಪನಿಕ ಗಣಿತಜ್ಞನ ‘ಎರಡನೇ ಪ್ರಮೇಯ’ವನ್ನು ವಿಸ್ತರಿಸುವ ಲೇಖನ ಬರೆದರು. ಆ ಹೆಸರು ಅಚ್ಚಾದದ್ದು ಅದೇ ಮೊದಲು. ತಮಾಷೆಯಲ್ಲದ ತಪ್ಪೂ ಪಟ್ಟಿಯಲ್ಲಿದೆ. 1959ರಲ್ಲಿ ಗಣಿತದ ಪ್ರಸಿದ್ಧ ಸಮಸ್ಯೆಯಾದ ರೀಮಾನ್ ಊಹೆಯನ್ನು ಸಾಧಿಸಿದೆನೆಂದು ಅವರು ಪ್ರಕಟಿಸಿದ್ದು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ. ವಾದ ನಿಲ್ಲಲಿಲ್ಲ. ಆ ವಿಷಯ ಬಲ್ಲವರ ಪರೀಕ್ಷೆಗೆ ಒಡ್ಡದೆ ಅಂಥ ಕಡೆ ಅಚ್ಚು ಹಾಕಿಸಿದ್ದು ಬಹುಕ್ಷೇತ್ರದ ವಿದ್ವಾಂಸನಿಗೆ ಇರುವ ನಿಜವಾದ ಅಪಾಯವನ್ನು ತೋರಿಸುತ್ತದೆ: ಒಂದು ಕ್ಷೇತ್ರದಲ್ಲಿ ಗಳಿಸಿದ ವಿಶ್ವಾಸ ಇನ್ನೊಂದರಲ್ಲಿ ಎಚ್ಚರ ತಪ್ಪಿಸುತ್ತದೆ. ಕೆಲವು ಲೇಖನಗಳನ್ನು ಅವರು ಎಸ್. ಡುಕ್ರೇ ಎಂಬ ಗುಪ್ತನಾಮದಲ್ಲಿ ಬರೆದದ್ದರಿಂದ ಅವು ಅವರ ಲೆಕ್ಕಕ್ಕೂ ಸೇರುವುದಿಲ್ಲ.

ಹರಹು ಫಲ ಕೊಟ್ಟದ್ದು ನಾಣ್ಯಗಳಲ್ಲಿ. ಚಲಾವಣೆಯಲ್ಲಿ ಸವೆದಂತೆ ನಾಣ್ಯದ ತೂಕ ಹೇಗೆ ಇಳಿಯುತ್ತದೆ ಎಂಬುದನ್ನು ಅವರು ತಮ್ಮ ಕಾಲದ ನಾಣ್ಯಗಳನ್ನು ತೂಗಿ ಕಂಡುಕೊಂಡರು, ಅದೇ ಅಳತೆಗೋಲಿನಿಂದ ತಕ್ಷಶಿಲೆಯ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳ ಕಾಲಕ್ರಮವನ್ನು ಗುರುತಿಸಲು ಹೊರಟರು. ಸಂಖ್ಯಾಶಾಸ್ತ್ರಜ್ಞನೂ ಇತಿಹಾಸಕಾರನೂ ಒಬ್ಬನೇ ಆಗಿದ್ದರಿಂದ ಸಾಧ್ಯವಾದ ಕೆಲಸವಿದು. ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1948ರಲ್ಲಿ ಹೊರತಂದ ಭರ್ತೃಹರಿಯ ಸುಭಾಷಿತಗಳ ಆವೃತ್ತಿಯಲ್ಲೂ ಅದೇ ಶಿಸ್ತಿದೆ.

‘ಆ್ಯನ್ ಇಂಟ್ರೊಡಕ್ಷನ್ ಟು ದ ಸ್ಟಡಿ ಆಫ್ ಇಂಡಿಯನ್ ಹಿಸ್ಟರಿ’ (1956), ‘ಮಿಥ್ ಅಂಡ್ ರಿಯಾಲಿಟಿ’ (1962) ಎಣಿಕೆಗೆ ಸುಲಭವಾಗಿ ಸಿಗುವುದಿಲ್ಲ. ಪತ್ರಿಕಾ ಲೇಖನಗಳನ್ನು ಆಧರಿಸಿ ಬೆಳೆದ ಉಲ್ಲೇಖ ಸೂಚಿಗಳು ಪುಸ್ತಕಗಳನ್ನು ಬಹುಕಾಲ ಹೊರಗಿಟ್ಟವು. ಉಲ್ಲೇಖಗಳ ಎಣಿಕೆಯಿಂದ ವಿದ್ವಾಂಸರನ್ನು ಅಳೆಯುವ, 2005ರಲ್ಲಿ ಬಂದ ಎಚ್-ಇಂಡೆಕ್ಸ್‌ಗಂತೂ ಯುಗ ತಿರುಗಿಸಿದ ಒಂದು ಪುಸ್ತಕ ಬರೇ ಒಂದೇ ಅಂಶ. ರಾಜವಂಶಗಳ ಪಟ್ಟಿಯ ಬದಲು ಉತ್ಪಾದನೆಯ ಸಾಧನ ಮತ್ತು ಸಂಬಂಧಗಳ ಬದಲಾವಣೆಯನ್ನು ಇತಿಹಾಸದ ವಸ್ತುವಾಗಿಸಿದ್ದು, ಗ್ರಂಥಗಳ ಜೊತೆಗೆ ಹಳ್ಳಿಯ ದೇವತೆಗಳನ್ನೂ ಕಾಲುದಾರಿಗಳನ್ನೂ ಆಧಾರವಾಗಿ ಬಳಸಿದ್ದು ಈ ಪುಸ್ತಕಗಳು. ಅವುಗಳ ಹಲವು ತೀರ್ಮಾನಗಳನ್ನು ನಂತರದವರು ತಿದ್ದಿದ್ದಾರೆ. ಆದರೂ ಕೋಸಂಬಿಯ ಸೂತ್ರವಿಲ್ಲದಿದ್ದರೆ ತಳಿನಕ್ಷೆಯವರು ಇನ್ನೊಂದು ಸೂತ್ರದಿಂದ ಕೆಲಸ ಸಾಗಿಸುತ್ತಿದ್ದರು. 1956ರ ಪುಸ್ತಕವಿಲ್ಲದೆ ಪ್ರಾಚೀನ ಭಾರತದ ಇತಿಹಾಸಲೇಖನ ಈಗಿನ ದಾರಿ ಹಿಡಿಯುತ್ತಿತ್ತೆಂದು ಹೇಳಲಾಗದು.